ತೈ ಚಿ: ಕೈ ನೋಡಬೇಡಿ, ಕಾಲು ನೋಡಿ

ನಡೆಯುವಾಗ ಎರಡೂ ಪಾದಗಳು ಒಟ್ಟಿಗೆ ನೆಲದ ಮೇಲಿರುವುದು ಸುಮಾರು ಶೇ. 20ರಷ್ಟು ಹೊತ್ತು ಮಾತ್ರ. ಉಳಿದ ಶೇ. 80ರಷ್ಟು ಹೊತ್ತು ಮೈಭಾರವೆಲ್ಲ ಒಂದೇ ಕಾಲಿನ ಮೇಲೆ. ವಯಸ್ಸಾದಂತೆ ಈ ಒಂಟಿಕಾಲಿನ ಗಳಿಗೆ ಅಂಜಿಕೆ ಹುಟ್ಟಿಸತೊಡಗುತ್ತದೆ. ಹೆಜ್ಜೆ ಗಿಡ್ಡವಾಗುತ್ತದೆ, ಪಾದ ಮೇಲೇಳದೆ ನೆಲವನ್ನು ಉಜ್ಜಿಕೊಂಡು ಹೋಗುತ್ತದೆ. ಬೀಳಬಾರದೆಂದು ದೇಹ ಮಾಡಿಕೊಂಡ ಈ ಹೊಂದಾಣಿಕೆಯೇ ಬೀಳಿಸುತ್ತದೆ: ಕಾಲೊರಸಿನ ಅಂಚು ತಗುಲಿದರೂ ಸಾಕು, ಮುಗ್ಗರಿಸಿದಂತೆಯೇ.

ಚೀನಾದ ನಿಧಾನಗತಿಯ ವ್ಯಾಯಾಮವಾದ ತೈ ಚಿ ನೆರವಿಗೆ ಬರುವುದು ಇಲ್ಲಿ. ಆದರೆ ನೋಡುವವರ ಕಣ್ಣು ಮೊದಲು ಹೋಗುವುದು ಕೈಗಳತ್ತ. ನೀರಿನಲ್ಲಿ ತೇಲುವಂತೆ ಆಡುವ ತೋಳುಗಳು ಅಷ್ಟು ಚೆಂದ. ಕಲಿಯಲು ಬಂದವರೂ ಕೈಚಲನೆಯನ್ನೇ ಬಾಯಿಪಾಠ ಮಾಡುತ್ತಾರೆ, ಕಾಲು ಹೇಗೋ ಹಿಂದೆ ಬರುತ್ತದೆ. ಸಮತೋಲದ ಮಟ್ಟಿಗೆ ಇದು ಉಲ್ಟಾ ಕ್ರಮ. ಮೊದಲ ಒಂದು ತಿಂಗಳು ಕೈಗಳನ್ನು ಸೊಂಟದ ಮೇಲಿಟ್ಟು ಬರೀ ಕಾಲಿನ ಕೆಲಸ ಮಾಡಿದರೂ ನಷ್ಟವಿಲ್ಲ.

ಮೂಲದಲ್ಲಿ ಇದು ಕಾಳಗದ ಕಲೆ. ಚೀನಾದ ಹೆನಾನ್ ಪ್ರಾಂತ್ಯದ ಚೆನ್ ಮನೆತನದ ಹಳ್ಳಿಯಿಂದ ಹೊರಟು ಹಲವು ಶೈಲಿಗಳಾಗಿ ಹರಡಿತು. ಇಂದು ಹೆಚ್ಚಿನವರು ಕಲಿಯುವ 24 ಚಲನೆಗಳ ಸರಳ ಸರಣಿಯನ್ನು 1956ರಲ್ಲಿ ಅಲ್ಲಿನ ಕ್ರೀಡಾ ಆಯೋಗ ಯಾಂಗ್ ಶೈಲಿಯಿಂದ ಆಯ್ದು ಹೊಂದಿಸಿತು. ಎದುರಾಳಿ ತಳ್ಳಿದರೂ ಎಳೆದರೂ ಉರುಳದಿರಬೇಕಾದರೆ ಯಾವ ಕಾಲಿನಲ್ಲಿ ಎಷ್ಟು ಭಾರವಿದೆ ಎಂಬ ಲೆಕ್ಕ ಸದಾ ಇರಬೇಕು. ಅದಕ್ಕೇ ಭಾರ ಹೊತ್ತದ್ದು ‘ತುಂಬಿದ ಕಾಲು’, ಹೊರದಿರುವುದು ‘ಖಾಲಿ ಕಾಲು’. ಖಾಲಿಯಾಗದ ಕಾಲನ್ನು ಎತ್ತಬಾರದು ಎಂಬುದೊಂದನ್ನು ಹಿಡಿದುಕೊಂಡರೆ ಮಿಕ್ಕದ್ದೆಲ್ಲ ಅದರಿಂದಲೇ ಹೊರಡುತ್ತದೆ.

ಒಂದೇ ಒಂದು ಹೆಜ್ಜೆಯನ್ನು ಬಿಡಿಸಿ ನೋಡೋಣ. ಪಾದಗಳ ನಡುವೆ ಭುಜದಗಲ ಅಂತರ ಬಿಟ್ಟು ನಿಲ್ಲಿ. ಮಂಡಿ ತುಸುವೇ ಸಡಿಲವಾಗಲಿ. ಕುರ್ಚಿಯಲ್ಲಿ ಕೂರಲು ಹೊರಟು ಮನಸ್ಸು ಬದಲಾಯಿಸಿದಷ್ಟು ಮಾತ್ರ. ಮೂರು ನಾಲ್ಕು ಸೆಕೆಂಡ್ ತೆಗೆದುಕೊಂಡು ಭಾರವನ್ನೆಲ್ಲ ಬಲಗಾಲಿಗೆ ಸುರಿಯಿರಿ. ಈಗ ಎಡ ಹಿಮ್ಮಡಿ ಎತ್ತಿ, ಆಮೇಲೆ ಬೆರಳುಗಳನ್ನು. ಬೆರಳು ನೆಲ ಬಿಟ್ಟ ಕ್ಷಣ ಮೈ ಪಕ್ಕಕ್ಕೆ ಜಗ್ಗಿತೆಂದರೆ ಎಡಗಾಲು ಇನ್ನೂ ಖಾಲಿಯಾಗಿರಲಿಲ್ಲ ಎಂದರ್ಥ. ಹಿಂದಿರುಗಿ ಮತ್ತೆ ಮಾಡಿ. ಜಗ್ಗದಿದ್ದರೆ ಎಡಪಾದವನ್ನು ಮುಂದೊಯ್ದು ಹಿಮ್ಮಡಿಯನ್ನಷ್ಟೇ ನೆಲಕ್ಕೆ ತಾಗಿಸಿ, ಭಾರ ಬೇಡ. ಆ ಹಿಮ್ಮಡಿಯನ್ನು ಅಲ್ಲಿಂದಲೇ ಕುಲುಕಾಟವಿಲ್ಲದೆ ಹಿಂದಕ್ಕೆ ತರಲು ಬಂತೇ? ಬಂದರೆ ಹೆಜ್ಜೆ ಸರಿ. ಬರದಿದ್ದರೆ ನೀವು ಹೆಜ್ಜೆ ಇಟ್ಟಿಲ್ಲ, ಮುಂದಕ್ಕೆ ಬಿದ್ದು ಕಾಲು ಕೊಟ್ಟಿದ್ದೀರಿ, ಅಷ್ಟೆ. ಕೊನೆಗೆ ಅಂಗಾಲು ಪೂರ್ತಿ ನೆಲಕ್ಕೆ ಒರಗಲಿ, ಮುಕ್ಕಾಲು ಪಾಲು ಭಾರ ನಿಧಾನವಾಗಿ ಮುಂದಿಟ್ಟ ಕಾಲಿಗೆ ಬರಲಿ, ಮಂಡಿ ಪಾದದ ಎರಡನೇ ಬೆರಳಿನ ದಿಕ್ಕಿಗೇ ಬಾಗಲಿ. ಹಿಂದಕ್ಕೆ ಹೆಜ್ಜೆ ಇಡುವಾಗ ಮಾತ್ರ ಕ್ರಮ ಬದಲಾಗುತ್ತದೆ: ಮೊದಲು ಬೆರಳು, ಆಮೇಲೆ ಹಿಮ್ಮಡಿ.

ಇಷ್ಟು ನಿಧಾನ ಯಾಕೆ? ಬಿರುಸಾಗಿ ನಡೆಯುವಾಗ ಓಟದ ರಭಸವೇ ನಮ್ಮನ್ನು ಸಾಗಿಸುತ್ತದೆ, ಸ್ನಾಯುವಿನ ಕೊರತೆ ಅದರಲ್ಲಿ ಮುಚ್ಚಿಹೋಗುತ್ತದೆ. ನಿಧಾನಿಸಿದಾಗ ಆ ಸೌಲಭ್ಯ ಇಲ್ಲ. ಪ್ರತಿ ಕೋನದಲ್ಲೂ ತೊಡೆಯ ಮುಂಭಾಗದ ಸ್ನಾಯು ಭಾರ ಹಿಡಿದು ನಿಲ್ಲಬೇಕು. ಸೊಂಟದ ಪಕ್ಕದ ಸ್ನಾಯು ಎತ್ತಿದ ಕಾಲಿನ ಕಡೆಗೆ ಸೊಂಟ ಇಳಿಬೀಳದಂತೆ ತಡೆಯಬೇಕು. ಪಾದದ ಕೀಲಿನ ಸುತ್ತಲಿನ ಸ್ನಾಯುಗಳು ಎಡಬಲದ ಓಲಾಟವನ್ನು ಕ್ಷಣಕ್ಷಣವೂ ತಿದ್ದಬೇಕು. ಅಂಗಾಲು ಮತ್ತು ಕೀಲುಗಳಿಂದ ಮಿದುಳಿಗೆ ಹೋಗುವ ಸುದ್ದಿಗೂ ಇಲ್ಲಿ ಕಿವಿಗೊಡಲು ವ್ಯವಧಾನ ಸಿಗುತ್ತದೆ. ಕೈಗಳನ್ನು ನೋಟ ಹಿಂಬಾಲಿಸಿ ತಲೆ ಅತ್ತಿತ್ತ ಹೊರಳಿದಾಗ ಕಣ್ಣು ಮತ್ತು ಒಳಕಿವಿ ಪರಸ್ಪರ ಹೊಂದಿಕೊಳ್ಳಬೇಕಾಗುತ್ತದೆ. ಕೈಗಳ ನಿಜವಾದ ಉಪಯೋಗ ಅದೇ.

ಎಡವಟ್ಟುಗಳು ಬಹುತೇಕ ಒಂದೇ ಬಗೆಯವು. ಮುಂದಿಟ್ಟ ಪಾದ ಹಿಂದಿನ ಪಾದದ ನೇರಕ್ಕೇ ಬಂದು ಹಗ್ಗದ ಮೇಲೆ ನಡೆದಂತಾಗುವುದು. ಎಡ ಬಲ ಪಾದಗಳ ಹಳಿ ಬೇರೆಬೇರೆ ಇರಬೇಕು, ನಡುವೆ ಒಂದು ಗೇಣಾದರೂ ಬೇಕು. ಮಂಡಿ ನೋವಿಗೆ ಮುಖ್ಯ ಕಾರಣ, ಭಾರ ಹೊತ್ತ ಪಾದವನ್ನೇ ತಿರುಗಿಸುವುದು: ಪಾದ ನೆಲಕ್ಕೆ ಕಚ್ಚಿರುತ್ತದೆ, ಸೊಂಟ ತಿರುಗುತ್ತದೆ, ತಿರುಚು ನಡುವಿನ ಮಂಡಿಯ ಪಾಲಾಗುತ್ತದೆ. ಮೊದಲು ಭಾರ ಹಿಂದಕ್ಕೆಳೆದು, ಹಿಮ್ಮಡಿಯ ಮೇಲೆ ಪಾದ ತಿರುಗಿಸಿ, ಆಮೇಲೆ ಭಾರ ಕೊಡಬೇಕು. ತುಂಬ ತಗ್ಗಿ ನಿಲ್ಲುವುದು ಪ್ರದರ್ಶನಕ್ಕೆ ಸೈ, ಎಪ್ಪತ್ತರ ಮಂಡಿಗೆ ಬೇಡ. ಪಾದ ನೋಡುತ್ತ ತಲೆ ತಗ್ಗಿಸಿದರೆ ಸುಮಾರು 5 ಕಿಲೋ ತೂಕ ಮುಂದಕ್ಕೆ ಜೋತುಬೀಳುತ್ತದೆ. ಉಸಿರು ಕಟ್ಟುವವರೂ ಉಂಟು. ಬಾಯಿಬಿಟ್ಟು ಎಣಿಸುತ್ತ ಮಾಡಿದರೆ ಉಸಿರು ಕಟ್ಟುವುದು ತಪ್ಪುತ್ತದೆ.

ಸಂಶೋಧನೆ ಏನು ಹೇಳುತ್ತದೆ? ಅಮೆರಿಕದ ಆರೆಗಾನ್‌ನಲ್ಲಿ 70 ದಾಟಿದ, ಬೀಳುವ ಅಪಾಯ ಹೆಚ್ಚಿದ್ದ 670 ಮಂದಿಯ ಮೇಲೆ ನಡೆದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ಬಾರಿ, ತಲಾ ಒಂದು ಗಂಟೆ, 24 ವಾರ. ತೈ ಚಿ ಗುಂಪಿನವರು ಬಿದ್ದದ್ದು ಮೈ ಎಳೆಯುವ ವ್ಯಾಯಾಮದ ಗುಂಪಿಗಿಂತ ಶೇ. 58ರಷ್ಟು, ಬಗೆಬಗೆಯ ವ್ಯಾಯಾಮ ಬೆರೆಸಿದ ಗುಂಪಿಗಿಂತ ಶೇ. 31ರಷ್ಟು ಕಡಿಮೆ. ಅಲ್ಲಿ ಬಳಸಿದ್ದು 24 ಚಲನೆಗಳ ಸರಣಿಯನ್ನಲ್ಲ. ಎಂಟೇ ಚಲನೆ, ಭಾರ ಬದಲಿಸುವುದಕ್ಕೆ ಒತ್ತು ಕೊಟ್ಟು ಮಾರ್ಪಡಿಸಿದವು. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಕಾಕ್ರೇನ್ ಸಂಸ್ಥೆ ಮಾಡಿದ ವಿಮರ್ಶೆಯಲ್ಲಿ ಲಾಭ ಶೇ. 19ಕ್ಕೆ ಇಳಿಯುತ್ತದೆ. 2003ರಲ್ಲಿ ಪ್ರಕಟವಾದ ಅಟ್ಲಾಂಟಾದ ಪ್ರಯೋಗವೊಂದರಲ್ಲಿ, ಆಗಲೇ ಸೊರಗತೊಡಗಿದ್ದ ವೃದ್ಧರಲ್ಲಿ, 48 ವಾರಗಳ ನಂತರವೂ ಖಚಿತವಾದ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ ಇನ್ನೂ ಗಟ್ಟಿಯಾಗಿ ಓಡಾಡುತ್ತಿರುವಾಗಲೇ ಶುರುಮಾಡುವುದು ಜಾಣತನ. ಎರಡು ವಾರ ಮಾಡಿ ಬಿಟ್ಟವರಿಗೆ ಈ ಅಂಕಿಗಳಲ್ಲಿ ಯಾವುದೂ ಸಲ್ಲದು.

ಶಕ್ತಿಯ ವಿಷಯದಲ್ಲಿ ತೈ ಚಿಯನ್ನು ಕೊಂಚ ಅತಿಯಾಗಿಯೇ ಹೊಗಳಲಾಗುತ್ತದೆ. ಇಲ್ಲಿರುವ ಭಾರ ನಮ್ಮ ಮೈಯದು ಮಾತ್ರ. ತೊಡೆಗೆ ಅದು ಅಭ್ಯಾಸವಾದ ಮೇಲೆ ಹೆಚ್ಚಿಸಲು ದಾರಿ ಕಡಿಮೆ. ತೋಳು ಬೆನ್ನುಗಳಿಗಂತೂ ಹೆಚ್ಚೇನೂ ಸಿಗದು. ಇನ್ನೊಂದು ಕೊರತೆ: ಎಡವಿದಾಗ ಕಾಲನ್ನು ಮಿಂಚಿನಂತೆ ಮುಂದೆ ಚಾಚಬೇಕು, ಅದಕ್ಕೆ ಬೇಕಾದ ವೇಗದ ಸ್ನಾಯುತಂತುಗಳೇ ವಯಸ್ಸಿನೊಂದಿಗೆ ಹೆಚ್ಚು ಸವೆಯುವಂಥವು. ಬರೀ ನಿಧಾನದ ಅಭ್ಯಾಸ ಅವನ್ನು ಕೆಣಕದು. ವಾರಕ್ಕೆ ಎರಡು ದಿನ, ಕೈ ಊರದೆ ಕುರ್ಚಿಯಿಂದ ಚಟಕ್ಕನೆ ಎದ್ದು ನಿಧಾನವಾಗಿ ಕೂರುವುದು 8ರಿಂದ 10 ಸಲ, ಎರಡು ಸುತ್ತು. ಗೋಡೆ ಹಿಡಿದು ತುದಿಗಾಲಿನಲ್ಲಿ ಏಳುವುದು ಅಷ್ಟೇ ಸಲ. ಇವನ್ನು ಸೇರಿಸಿಕೊಳ್ಳಿ.

ಶುರುಮಾಡುವ ಮೊದಲು ಗೋಡೆಯ ಮೂಲೆಯಲ್ಲಿ, ಪಕ್ಕದಲ್ಲೊಬ್ಬರನ್ನು ನಿಲ್ಲಿಸಿಕೊಂಡು ಒಂದು ಪರೀಕ್ಷೆ ಮಾಡಿಕೊಳ್ಳಿ. ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ನೇರವಾಗಿ ಇಟ್ಟು 10 ಸೆಕೆಂಡ್ ನಿಲ್ಲಲಾಗದಿದ್ದರೆ ಬೀಳುವ ಅಪಾಯ ಹೆಚ್ಚಿದೆ. ಕುರ್ಚಿ ಹಿಡಿದೇ ಕಲಿಯಬೇಕು. ನುಣುಪು ನೆಲದಲ್ಲಿ ಕಾಲುಚೀಲ ಬೇಡ. ಮೆತ್ತನೆಯ ದಪ್ಪ ಅಟ್ಟೆಯ ಬೂಟೂ ಬೇಡ, ಅಂಗಾಲಿಗೆ ನೆಲದ ಸುದ್ದಿ ಮುಟ್ಟುವುದಿಲ್ಲ. ಎದ್ದು ನಿಂತಾಗ ತಲೆ ಸುತ್ತುವವರು, ನಿದ್ದೆ ಮಾತ್ರೆ ತೆಗೆದುಕೊಳ್ಳುವವರು, ಈಚೆಗೆ ಬಿದ್ದವರು ಮೊದಲು ವೈದ್ಯರನ್ನು ಕಾಣಲಿ. ಮಾತ್ರೆಯಿಂದ ಬರುವ ತೂರಾಟವನ್ನು ಯಾವ ವ್ಯಾಯಾಮವೂ ನಿಲ್ಲಿಸದು.

ಕುರ್ಚಿಗೆ ಚಕ್ರ ಇರಬಾರದು, ಅದರ ಬೆನ್ನು ನಿಮ್ಮ ಪಕ್ಕಕ್ಕಿರಲಿ. ಮುಂದಿಟ್ಟ ಹಿಮ್ಮಡಿಯನ್ನು ಕುಲುಕದೆ ಹಿಂದಕ್ಕೆ ತರುವುದು ವಾರವಿಡೀ ಕುರ್ಚಿ ಮುಟ್ಟದೆ ಸಾಧ್ಯವಾದ ಮೇಲೆ ಅದನ್ನು ಒಂದು ಗೇಣು ದೂರ ಸರಿಸಿ, ಕೋಣೆಯಿಂದ ಹೊರಗೆ ಹಾಕಬೇಡಿ.