ಬ್ರಿಕ್ಸ್ ಅನ್ನೋದು ಒಕ್ಕೂಟ ಅಲ್ಲ

ಬ್ರೆಜಿಲ್, ರಷ್ಯಾ, ಇಂಡಿಯಾ, ಚೀನಾ ಮೊದಲಾದ ದೇಶಗಳ ಬ್ರಿಕ್ಸ್ ಶೃಂಗಸಭೆ ನಡೆದಾಗಲೆಲ್ಲ 'ಬ್ರಿಕ್ಸ್ ಒಕ್ಕೂಟ', 'ಡಾಲರ್‌ಗೆ ಸಡ್ಡು' ಅನ್ನೋ ತಲೆಬರಹ ಬಂದೇ ಬರುತ್ತದೆ. ಓದಿ ಓದಿ ಸಾಕಾಗಿದೆ. ಯುರೋಪಿಯನ್ ಒಕ್ಕೂಟಕ್ಕೆ ಸಂಸತ್ತಿದೆ, ನ್ಯಾಯಾಲಯವಿದೆ. ಬ್ರಿಕ್ಸ್‌ಗೆ ಸ್ಥಾಪನಾ ಒಪ್ಪಂದವೇ ಇಲ್ಲ, ಕಾಯಂ ಕಚೇರಿಯೂ ಇಲ್ಲ. ಪ್ರತಿ ವರ್ಷ ಒಂದು ದೇಶ ಅಧ್ಯಕ್ಷತೆ ವಹಿಸಿ ಸಭೆ ಕರೆಯುತ್ತದೆ. ಕೂಟ ಅನ್ನಿ, ಗುಂಪು ಅನ್ನಿ, ಸರಿಹೋಗುತ್ತದೆ.

ಹೆಸರನ್ನೂ ಈ ದೇಶಗಳು ಇಟ್ಟುಕೊಂಡಿದ್ದಲ್ಲ. 2001ರಲ್ಲಿ ಅಮೆರಿಕದ ಹೂಡಿಕೆ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್‌ನ ಅರ್ಥಶಾಸ್ತ್ರಜ್ಞ ಜಿಮ್ ಓನೀಲ್ ಒಂದು ವರದಿ ಬರೆದರು. ಬ್ರೆಜಿಲ್, ರಷ್ಯಾ, ಇಂಡಿಯಾ, ಚೀನಾದ ಮೊದಲ ಅಕ್ಷರ ಜೋಡಿಸಿ 'ಬ್ರಿಕ್' ಅಂದರು. ಈ ದೇಶಗಳಿಗೆ ಏಳು ಶ್ರೀಮಂತ ದೇಶಗಳ ಜಿ7 ಕೂಟದಲ್ಲಿ ಜಾಗ ಕೊಡಬೇಕು ಅಂತಲೂ ಅದರಲ್ಲೇ ವಾದಿಸಿದ್ದರು. ಬ್ರೆಜಿಲ್, ಇಂಡಿಯಾ, ಚೀನಾಕ್ಕೆ ಆ ಜಾಗ ಸಿಗಲಿಲ್ಲ. 2009ರಲ್ಲಿ ನಾಲ್ವರೂ ರಷ್ಯಾದ ಯೆಕಟೆರಿನ್‌ಬರ್ಗ್‌ನಲ್ಲಿ ತಾವೇ ಸಭೆ ಸೇರಿದರು. ಇಂಗ್ಲಿಷಿನಲ್ಲಿ ಬಹುವಚನಕ್ಕೆ ಹಚ್ಚುತ್ತಿದ್ದ ಕೊನೆಯ 'ಎಸ್' ದಕ್ಷಿಣ ಆಫ್ರಿಕಾದ ಪಾಲಾಗಿದ್ದು ಆಮೇಲೆ, ಆ ದೇಶ 2011ರ ಸಭೆಗೆ ಬಂದಾಗ. ಈಗ ಈಜಿಪ್ಟ್, ಇಥಿಯೋಪಿಯಾ, ಇರಾನ್, ಯುಎಇ, ಇಂಡೋನೇಷ್ಯಾ ಕೂಡ ಸೇರಿವೆ. ಹೆಸರು ಮಾತ್ರ ಹಾಗೇ ಇದೆ.

ಬ್ರಿಕ್ಸ್ ಅಂದರೆ 'ಐಎಂಎಫ್‌ಗೆ (ಕಷ್ಟದಲ್ಲಿರುವ ದೇಶಗಳಿಗೆ ಸಾಲ ಕೊಡುವ ಅಂತರರಾಷ್ಟ್ರೀಯ ಹಣಕಾಸು ನಿಧಿಗೆ) ಪರ್ಯಾಯ' ಅನ್ನೋ ಮಾತು ಇನ್ನೂ ತಪ್ಪು. 2014ರಲ್ಲಿ ಐದು ದೇಶಗಳು 10 ಸಾವಿರ ಕೋಟಿ ಡಾಲರ್‌ಗಳ ತುರ್ತು ನಿಧಿಗೆ ಸಹಿ ಹಾಕಿದವು. ಅದರ ಕರಾರು ಓದಿ ನೋಡಿ: ಒಂದು ದೇಶಕ್ಕೆ ಸಿಗಬಹುದಾದ ಹಣದಲ್ಲಿ ಶೇ 30 ಮಾತ್ರ ನೇರವಾಗಿ ಸಿಗುತ್ತದೆ, ಉಳಿದ ಶೇ 70 ಬೇಕಾದರೆ ಆ ದೇಶ ಮೊದಲು ಐಎಂಎಫ್ ಜೊತೆಗೇ ಒಪ್ಪಂದ ಮಾಡಿಕೊಂಡಿರಬೇಕು. ಇದು ಪರ್ಯಾಯ ಹೇಗಾಗುತ್ತದೆ?

ನಿಜಕ್ಕೂ ಹೊಸದು ಅಂದರೆ ಬ್ರಿಕ್ಸ್ ದೇಶಗಳು ಶಾಂಘೈನಲ್ಲಿ ತೆರೆದ, ಅಭಿವೃದ್ಧಿ ಕೆಲಸಗಳಿಗೆ ಸಾಲ ಕೊಡುವ ನ್ಯೂ ಡೆವಲಪ್‌ಮೆಂಟ್ ಬ್ಯಾಂಕ್. ಮಂಗಳೂರಿನ ಕೆ.ವಿ. ಕಾಮತ್ ಅದರ ಮೊದಲ ಅಧ್ಯಕ್ಷರು. ಐದೂ ಸ್ಥಾಪಕ ದೇಶಗಳು ಸಮವಾಗಿ ಬಂಡವಾಳ ಹಾಕಿದವು. ಚೀನಾದ ಆರ್ಥಿಕತೆ ಎಷ್ಟೇ ದೊಡ್ಡದಿರಲಿ, ಅದಕ್ಕೆ ಜಾಸ್ತಿ ಮತ ಇಲ್ಲ, ಯಾರಿಗೂ ವೀಟೊ ಇಲ್ಲ. ಐಎಂಎಫ್‌ನಲ್ಲಿ ದೊಡ್ಡ ತೀರ್ಮಾನಗಳಿಗೆ ಶೇ 85 ಮತ ಬೇಕು, ಅಮೆರಿಕದ ಕೈಲಿ ಶೇ 16ಕ್ಕಿಂತ ಜಾಸ್ತಿ ಇದೆ. ಅಂದರೆ ಅದೊಂದೇ ಬೇಡ ಅಂದರೂ ಕೆಲಸ ನಿಂತುಹೋಗುತ್ತದೆ.

ಬ್ರಿಕ್ಸ್ ದೇಶಗಳ ಜಗಳ ಇರೋದು ಐಎಂಎಫ್‌ನ ಈ ಮತದ ಪಾಲಿನ ಬಗ್ಗೆ. ಅಲ್ಲಿ 2010ರಲ್ಲಿ ಒಪ್ಪಿದ ಹೊಸ ಪಾಲು ಹಂಚಿಕೆ ಜಾರಿಯಾಗಿದ್ದು 2016ರಲ್ಲಿ, ಯಾಕೆಂದರೆ ಅಮೆರಿಕದ ಸಂಸತ್ತು 2015ರ ಡಿಸೆಂಬರ್‌ವರೆಗೆ ಒಪ್ಪಿಗೆ ಕೊಡಲಿಲ್ಲ. 2023ರ ಡಿಸೆಂಬರ್‌ನಲ್ಲಿ ಕೋಟಾವನ್ನು, ಅಂದರೆ ಪ್ರತಿ ದೇಶ ಐಎಂಎಫ್‌ಗೆ ಕೊಡುವ, ಮತದ ಲೆಕ್ಕಕ್ಕೆ ಆಧಾರವಾದ ಹಣವನ್ನು ಶೇ 50ರಷ್ಟು ಏರಿಸಲು ತೀರ್ಮಾನವಾಯಿತು. ಆದರೆ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ, ಹಾಗಾಗಿ ಯಾರ ಪಾಲೂ ಬದಲಾಗಲಿಲ್ಲ.