ಎಟಿವಿ ಕೊಳ್ಳುವಾಗ ಸಿಸಿ ಕೊನೆಯ ಪ್ರಶ್ನೆ

ತೋಟಕ್ಕೊಂದು ಎಟಿವಿ ತರಬೇಕೆಂದು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು "ಎಷ್ಟು ಸಿಸಿ?" ಎಂದೇ. ಬೈಕು ಕೊಂಡು ರೂಢಿಯಾದವರಿಗೆ ಇದು ಸಹಜ. ಆದರೆ ನಾಲ್ಕು ದಪ್ಪ ಟೈರಿನ ಈ ಬಂಡಿ ಕಾಫಿ, ಅಡಿಕೆ ತೋಟಗಳಲ್ಲಿ ದಿನದ ಬಹುಪಾಲು ಹೊತ್ತು ಗಂಟೆಗೆ ಹತ್ತು ಹದಿನೈದು ಕಿಲೋಮೀಟರ್ ವೇಗದಲ್ಲಿ, ಮೂಟೆ ಹೊತ್ತು, ಏರು ಹತ್ತಿ ಇಳಿದು ದುಡಿಯುತ್ತದೆ. ಇಂಥ ಕೆಲಸಕ್ಕೆ ಸಿಸಿಗಿಂತ ಮೊದಲು ತೂಗಿ ನೋಡಬೇಕಾದದ್ದು ಭಾರ, ಏರು ಮತ್ತು ನೆಲದ ಹಿಡಿತ.

ಸಿಸಿ ಎಂದರೆ ಪಿಸ್ಟನ್ ಒಮ್ಮೆ ಕೆಳಗಿಳಿದಾಗ ಸಿಲಿಂಡರಿನೊಳಗೆ ಎಷ್ಟು ಗಾಳಿಗೆ ಜಾಗವಾಗುತ್ತದೆ ಎಂಬ ಅಳತೆ, ಅಷ್ಟೆ. ಆ ಗಾಳಿಯನ್ನು ನಿಮಿಷಕ್ಕೆ ಎಷ್ಟು ಸಲ ಎಳೆದು ಉರಿಸುತ್ತದೆ ಎನ್ನುವುದು ಬೇರೆಯೇ ಮಾತು. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್‌ನ 349 ಸಿಸಿ ಎಂಜಿನ್ 6,100 ಆರ್‌ಪಿಎಂನಲ್ಲಿ ಸುಮಾರು 20 ಎಚ್‌ಪಿ ಕೊಡುತ್ತದೆ. ಹಿಂದಿನ ಕೆಟಿಎಂ 390 ಡ್ಯೂಕ್‌ನ 373 ಸಿಸಿ ಎಂಜಿನ್ 9,000 ಆರ್‌ಪಿಎಂನಲ್ಲಿ 43 ಎಚ್‌ಪಿ ಕೊಡುತ್ತಿತ್ತು. ಗಾತ್ರ ಹೆಚ್ಚುಕಡಿಮೆ ಒಂದೇ, ಶಕ್ತಿ ಎರಡು ಪಟ್ಟು. ಎಟಿವಿಗಳಲ್ಲೂ ಹೀಗೆಯೇ. ಯಮಹಾದ ವೈಎಫ್‌ಜೆಡ್ 450ಆರ್ ಮತ್ತು ಕೋಡಿಯಾಕ್ 450 ಎರಡಕ್ಕೂ ಹೆಸರಿನಲ್ಲಿ 450 ಇದೆ. ಮೊದಲನೆಯದು ರೇಸಿನ ಕುದುರೆ, ಎರಡನೆಯದು ಮೂಟೆ ಹೊರುವ ಎತ್ತು. ತೋಟಕ್ಕೆ ಮೊದಲನೆಯದನ್ನು ತಂದರೆ ಸಾಮಾನು ಇಡಲು ರ‍್ಯಾಕೂ ಇರುವುದಿಲ್ಲ, ಮುಂದಿನ ಚಕ್ರಗಳಿಗೆ ಎಂಜಿನ್ನಿನ ಎಳೆತವೂ ಸಿಗುವುದಿಲ್ಲ.

ಸಿಸಿಯಿಂದ ನೇರವಾಗಿ ಅಂದಾಜಿಸಬಹುದಾದದ್ದು ಶಕ್ತಿಯಲ್ಲ, ತಿರುಚುಬಲ, ಅಂದರೆ ಟಾರ್ಕ್. ಟರ್ಬೊ ಇಲ್ಲದ ಫೋರ್‌ಸ್ಟ್ರೋಕ್ ಎಂಜಿನ್ನು ಪ್ರತಿ 100 ಸಿಸಿಗೆ ಸುಮಾರು 8 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. 250 ಸಿಸಿಗೆ 20, 420ಕ್ಕೆ 33, 570ಕ್ಕೆ 45 ಎಂದು ಹಿಡಿದರೆ ದೊಡ್ಡ ತಪ್ಪಾಗದು.

ಇನ್ನು ತೋಟದ ಲೆಕ್ಕ. ಎಟಿವಿಯ ತೂಕ 300 ಕೆ.ಜಿ., ಓಡಿಸುವವರದು 75, ರ‍್ಯಾಕಿನ ಮೇಲೆ 75, ಒಟ್ಟು 450. ಹಿಂದೆ 100 ಕೆ.ಜಿ. ತೂಗುವ ಟ್ರೇಲರು, ಅದರಲ್ಲಿ 50 ಕೆ.ಜಿ.ಯ ನಾಲ್ಕು ಮೂಟೆ ಗೊಬ್ಬರ. ಎಲ್ಲ ಸೇರಿ 750 ಕೆ.ಜಿ. ನಾಲ್ಕಡಿ ಮುಂದೆ ಹೋದರೆ ಒಂದಡಿ ಮೇಲೇರುವ ದಾರಿ, ಅಂದರೆ ಸುಮಾರು 14 ಡಿಗ್ರಿ ಏರು. ಈ ಏರಿನಲ್ಲಿ ಭಾರವನ್ನು ಹಿಂದಕ್ಕೆ ಜಾರದಂತೆ ತಡೆಯಲಿಕ್ಕೇ ಸುಮಾರು 1,780 ನ್ಯೂಟನ್ ಬಲ ಬೇಕು. ಮೆತ್ತನೆ ಮಣ್ಣಿನಲ್ಲಿ ಚಕ್ರ ಉರುಳಿಸಲು ಇನ್ನೊಂದು 700. ಒಟ್ಟು 2,500 ನ್ಯೂಟನ್ ಎನ್ನೋಣ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಇಷ್ಟು ಬಲ ಒದಗಿಸಲು ಚಕ್ರದ ಬಳಿ 7 ಕಿಲೋವಾಟ್ ಸಾಕು. ಬೆಲ್ಟು, ಗೇರು, ಶಾಫ್ಟುಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಸೋರಿಹೋಗುವುದರಿಂದ ಎಂಜಿನ್ನು ಕೊಡಬೇಕಾದದ್ದು ಸುಮಾರು 13 ಎಚ್‌ಪಿ. ನಮ್ಮ ಗದ್ದೆಗಳಲ್ಲಿ ಓಡಾಡುವ ಪವರ್ ಟಿಲ್ಲರಿನದೂ ಇಷ್ಟೇ ಶಕ್ತಿ.

ಹಾಗಾದರೆ 250 ಸಿಸಿಯೇ ಸಾಕಲ್ಲವೆ? ಕಾಗದದ ಮೇಲೆ ಸಾಕು. 25 ಇಂಚಿನ ಟೈರಿಗೆ ನೆಲದಿಂದ ಅಚ್ಚಿನವರೆಗೆ ಸುಮಾರು 30 ಸೆಂ.ಮೀ. ಎತ್ತರ, ಹಾಗಾಗಿ ಚಕ್ರಗಳಿಗೆ 750 ನ್ಯೂಟನ್ ಮೀಟರ್ ಟಾರ್ಕ್ ಬೇಕು. 20 ನ್ಯೂಟನ್ ಮೀಟರಿನ ಎಂಜಿನ್ನು ಅಷ್ಟು ಕೊಡಬೇಕಾದರೆ ನಡುವೆ ಸೋರುವುದನ್ನೂ ಸೇರಿಸಿ ಗೇರುಗಳು ಒಟ್ಟಾರೆ 52 ಪಟ್ಟು ಹಿಗ್ಗಿಸಬೇಕು. ಆಗ ಎಂಜಿನ್ 4,600 ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಪೂರ್ತಿ ತೆರೆದುಕೊಂಡು ಓಡುತ್ತಿರುತ್ತದೆ. 420 ಸಿಸಿಗೆ 32 ಪಟ್ಟು ಸಾಕು, ಅದು 2,800ರಲ್ಲಿ ಎಳೆಯುತ್ತದೆ. 570ಕ್ಕೆ 23 ಪಟ್ಟು, 2,000 ಚಿಲ್ಲರೆ. ಕೆಲಸ ಮೂರರಲ್ಲೂ ಆಗುತ್ತದೆ. ಆದರೆ ಚಿಕ್ಕದು ತನ್ನ ಮಿತಿಯ ಅಂಚಿನಲ್ಲಿ ನಿಂತು ದುಡಿಯುತ್ತದೆ, ನಡುವೆ ಒಂದು ಬೇರೋ ಕಲ್ಲೋ ಅಡ್ಡ ಬಂದರೆ ಅದರ ಕೈಯಲ್ಲಿ ಮಿಗಿಸಿಟ್ಟದ್ದು ಏನೂ ಇರುವುದಿಲ್ಲ.

ಶಾಖದ ಪೆಟ್ಟು ಬೀಳುವುದೂ ಅಲ್ಲಿಯೇ. ಪೆಟ್ರೋಲ್ ಎಂಜಿನ್ನಿನಲ್ಲಿ ಕೆಲಸಕ್ಕೆ ಬಂದ ಶಕ್ತಿಯಷ್ಟೇ ಶಾಖ ಹೆಚ್ಚುಕಡಿಮೆ ಸಿಲಿಂಡರಿನ ಗೋಡೆಗಳಿಗೂ ಇಳಿಯುತ್ತದೆ. ಬೈಕಿನಲ್ಲಾದರೆ ಎದುರುಗಾಳಿ ಅದನ್ನು ಒಯ್ಯುತ್ತದೆ. ಗಂಟೆಗೆ 10 ಕಿ.ಮೀ.ನಲ್ಲಿ ಎದುರುಗಾಳಿ ಎಲ್ಲಿಂದ ಬರಬೇಕು? ಗಾಳಿಯಿಂದಲೇ ತಣಿಯುವ 110, 125 ಸಿಸಿಯ ಅಗ್ಗದ ಬಂಡಿಗಳು ಏರಿನ ತೋಟದಲ್ಲಿ ಬೇಗ ಸೊರಗುವುದಕ್ಕೆ ಇದೇ ದೊಡ್ಡ ಕಾರಣ. ಆಯಿಲ್ ತೆಳುವಾಗುತ್ತದೆ, ಪಿಸ್ಟನ್ ರಿಂಗು ಸವೆಯುತ್ತದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಶುರುವಾಗುತ್ತದೆ. ಭಾರ ಎಳೆಯುವ ಕೆಲಸ ದಿನಾ ಇದ್ದರೆ ರೇಡಿಯೇಟರು, ಅದಕ್ಕೆ ತಾನಾಗಿ ತಿರುಗುವ ಫ್ಯಾನು ಇರುವ ಬಂಡಿಯನ್ನೇ ನೋಡಬೇಕು. ರೇಡಿಯೇಟರಿನ ರೆಕ್ಕೆಗಳಲ್ಲಿ ಕೆಸರು ಮೆತ್ತಿದರೆ ಅದೂ ವ್ಯರ್ಥ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಮೆಲ್ಲಗೆ ನೀರು ಬಿಟ್ಟು ತೊಳೆಯಬೇಕು. ಪ್ರೆಷರ್ ವಾಷರನ್ನು ನೇರ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಈಗ ಹಿಡಿತ. ಎಂಜಿನ್ನು ಎಷ್ಟೇ ಬಲ ಕೊಟ್ಟರೂ ಟೈರು ಅದನ್ನು ನೆಲಕ್ಕೆ ಒಪ್ಪಿಸಬೇಕು. ಒಣ ನೆಲದಲ್ಲಿ ಟೈರು ತನ್ನ ಮೇಲಿನ ಭಾರದಲ್ಲಿ ನೂರಕ್ಕೆ ಸುಮಾರು 70 ಪಾಲು ಬಲವನ್ನು ಜಾರದೆ ದಾಟಿಸುತ್ತದೆ, ಒದ್ದೆ ಜೇಡಿಯಲ್ಲಿ 40 ಪಾಲು. ಮೇಲಿನ ಉದಾಹರಣೆಯಲ್ಲಿ ಹಿಂದಿನ ಎರಡೇ ಚಕ್ರ ಎಳೆಯುತ್ತಿದ್ದರೆ ಒಣ ನೆಲದಲ್ಲೂ ಸಿಗುವುದು ಸುಮಾರು 1,950 ನ್ಯೂಟನ್. ಬೇಕಾದದ್ದು 2,500, ಹಾಗಾಗಿ ಬಂಡಿ ಹತ್ತುವುದಿಲ್ಲ. ನಾಲ್ಕೂ ಚಕ್ರ ಎಳೆದರೆ 3,000 ಸಿಗುತ್ತದೆ, ಹತ್ತುತ್ತದೆ. ಆಷಾಢದ ಕೆಸರಿನಲ್ಲಿ ನಾಲ್ಕೂ ಚಕ್ರ ಸೇರಿದರೂ 1,700 ಮಾತ್ರ. ಅಲ್ಲಿ 1,000 ಸಿಸಿ ತಂದು ನಿಲ್ಲಿಸಿದರೂ ಚಕ್ರ ನಿಂತಲ್ಲೇ ಗರಗರ ತಿರುಗಿ ಗುಂಡಿ ತೋಡುತ್ತದೆಯೇ ಹೊರತು ಮೂಟೆ ಮೇಲೆ ಹೋಗದು. ಟ್ರೇಲರಿನಿಂದ ಎರಡು ಮೂಟೆ ಇಳಿಸಿದರೆ ಸುಮಾರು 330 ನ್ಯೂಟನ್ ಉಳಿಯುತ್ತದೆ, ಅದು ಯಾವ ದೊಡ್ಡ ಎಂಜಿನ್ನೂ ಕೊಡಲಾರದ ಲಾಭ. ಆದ್ದರಿಂದ ಬಜೆಟ್ಟಿನಲ್ಲಿ ಫೋರ್‌ವೀಲ್ ಡ್ರೈವ್ ಇಲ್ಲದ ದೊಡ್ಡ ಸಿಸಿ, ಫೋರ್‌ವೀಲ್ ಡ್ರೈವ್ ಇರುವ ಚಿಕ್ಕ ಸಿಸಿ ಎರಡೂ ಇದ್ದರೆ ಹಿಂದೆಮುಂದೆ ನೋಡದೆ ಎರಡನೆಯದನ್ನೇ ಆರಿಸಿ.

ಟೈರಿನ ಗಾಳಿಯೂ ಇದೇ ಲೆಕ್ಕಕ್ಕೆ ಸೇರಿದ್ದು. ಎಟಿವಿ ಟೈರಿಗೆ ಸಾಮಾನ್ಯವಾಗಿ 5ರಿಂದ 7 ಪಿಎಸ್‌ಐ ಸಾಕು. ಪಂಚರ್ ಅಂಗಡಿಯವರು ಬೈಕಿನ ರೂಢಿಯಲ್ಲಿ 25 ತುಂಬಿಸಿಬಿಡುತ್ತಾರೆ. ಟೈರು ಉಬ್ಬಿ ನಡುಭಾಗವಷ್ಟೇ ನೆಲ ಮುಟ್ಟುತ್ತದೆ, ಹಿಡಿತ ಹೋಗುತ್ತದೆ, ಬಂಡಿ ಪುಟಿಯುತ್ತದೆ. ಇಷ್ಟು ಕಡಿಮೆ ಒತ್ತಡ ಅಳೆಯುವ ಬೇರೆ ಗೇಜ್ ಬರುತ್ತದೆ, ಬಂಡಿಯ ಜೊತೆಗೇ ಕೊಂಡುಬಿಡುವುದು ಒಳ್ಳೆಯದು.

ತಯಾರಕರ ಅಂಕಿಗಳೂ ಇದನ್ನೇ ಹೇಳುತ್ತವೆ. ಯಮಹಾ ಕೋಡಿಯಾಕ್ 450 ಎಂಬುದರ ಎಂಜಿನ್ 421 ಸಿಸಿ, ಕೋಡಿಯಾಕ್ 700ರದು 686 ಸಿಸಿ. ಎರಡಕ್ಕೂ ಟ್ರೇಲರ್ ಎಳೆಯುವ ಮಿತಿ 600 ಕೆ.ಜಿ.ಯೇ. ಹೊಂಡಾ ರಾಂಚರ್‌ನ ಎಂಜಿನ್ ಕೋಡಿಯಾಕ್ 450ರಷ್ಟೇ ದೊಡ್ಡದು, 420 ಸಿಸಿ. ಮಿತಿ ಮಾತ್ರ 385 ಕೆ.ಜಿ. ಫ್ರೇಮು, ಹಿಂದಿನ ಅಚ್ಚು, ಬ್ರೇಕು ಇವು ತಡೆಯುವಷ್ಟೇ ಭಾರಕ್ಕೆ ಮಿತಿ ಹಾಕುತ್ತಾರೆ, ಎಂಜಿನ್ನು ಎಳೆಯುವಷ್ಟಕ್ಕಲ್ಲ. ಏರು ತಗ್ಗಿನಲ್ಲಿ ಇದಕ್ಕಿಂತ ಕಡಿಮೆಯನ್ನೇ ಎಳೆಯಬೇಕು.

ಗೇರಿನ ವಿಷಯದಲ್ಲಿ ನಮ್ಮಲ್ಲಿ ಆಗುವ ನಷ್ಟ ದೊಡ್ಡದು. ಹೆಚ್ಚಿನ ಎಟಿವಿಗಳಲ್ಲಿ ಸ್ಕೂಟರಿನಂತೆ ರಬ್ಬರ್ ಬೆಲ್ಟಿನ ಸಿವಿಟಿ, ಅಂದರೆ ವೇಗಕ್ಕೆ ತಕ್ಕಂತೆ ಗೇರಿನ ಅನುಪಾತ ತಾನಾಗಿ ಬದಲಾಗುವ ಏರ್ಪಾಡು, ಇರುತ್ತದೆ. ಎಂಜಿನ್ ವೇಗ ಹೆಚ್ಚಿದಂತೆ ಮುಂದಿನ ಪುಲ್ಲಿ ಬೆಲ್ಟನ್ನು ಹಿಸುಕಿ ಹಿಡಿಯುತ್ತದೆ. ಭಾರ ಹೊತ್ತು, ಹೈ ಗೇರಿನಲ್ಲೇ ನಿಧಾನವಾಗಿ ಏರು ಹತ್ತಿದರೆ ಪುಲ್ಲಿ ಪೂರ್ತಿ ಹಿಡಿಯದೆ ಬೆಲ್ಟು ಜಾರುತ್ತದೆ, ಉಜ್ಜಿ ಕಾಯುತ್ತದೆ. ಸುಟ್ಟ ರಬ್ಬರಿನ ವಾಸನೆ ಬಂದಾಗ ಬೆಲ್ಟಿನ ಒಂದು ಜಾಗ ಆಗಲೇ ತೆಳುವಾಗಿರುತ್ತದೆ. ಮುಂದೆ ಹೊರಟಾಗಲೆಲ್ಲ ಆ ಜಾಗ ಬಂದಾಗ ಬಂಡಿ ಜಗ್ಗುತ್ತದೆ, ಕೊನೆಗೆ ತೋಟದ ನಡುವೆ ಕಡಿಯುತ್ತದೆ. ಮದ್ದು ಸರಳ: ಗಂಟೆಗೆ 10 ಕಿ.ಮೀ.ಗಿಂತ ಕೆಳಗೆ ಓಡಿಸುವಾಗ, ಟ್ರೇಲರ್ ಎಳೆಯುವಾಗ ಲೋ ಗೇರ್. ಆ 52 ಪಟ್ಟಿನ ಲೆಕ್ಕ ನೆರವೇರುವುದೂ ಲೋ ಇದ್ದರೆ ಮಾತ್ರ. ಲೋ ಗೇರೇ ಇಲ್ಲದ ಬಂಡಿ ಏರಿನ ತೋಟಕ್ಕೆ ಬೇಡ, ಎಷ್ಟೇ ಸಿಸಿ ಇರಲಿ. ಹಳ್ಳ ದಾಟುವಾಗ ಬೆಲ್ಟಿನ ಡಬ್ಬಿಗೆ ನೀರು ನುಗ್ಗಿದರೂ ಜಾರುತ್ತದೆ. ಅಡಿಯ ತಿರುಪು ಬಿಚ್ಚಿ ನೀರು ಬಸಿದು, ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ರೇಸ್ ಮಾಡಿ ಒಣಗಿಸಬೇಕು.

ಇಳಿಜಾರನ್ನು ಕೊಳ್ಳುವವರು ಮರೆತೇಬಿಡುತ್ತಾರೆ. ಅದೇ 750 ಕೆ.ಜಿ. ಅದೇ ದಾರಿಯಲ್ಲಿ ಗಟ್ಟಿ ನೆಲದ ಮೇಲೆ ಗಂಟೆಗೆ 10 ಕಿ.ಮೀ. ವೇಗದಲ್ಲಿ ಇಳಿಯುವಾಗ ಬ್ರೇಕಿಗೆ ಸೇರುವ ಶಾಖ 4 ಕಿಲೋವಾಟಿಗೂ ಮೇಲೆ, ಬಚ್ಚಲುಮನೆಯ ಎರಡು ಗೀಸರಿನಷ್ಟು. ದೊಡ್ಡ ಎಂಜಿನ್ನಿಗೆ ಇಲ್ಲಿ ನಿಜವಾದ ಲಾಭವಿದೆ: ಆಕ್ಸಿಲರೇಟರ್ ಬಿಟ್ಟಾಗ ದೊಡ್ಡ ಸಿಲಿಂಡರು ಬಂಡಿಯನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಬಂಡಿಯ ಸ್ವಂತ ತೂಕ ಟ್ರೇಲರಿನದಕ್ಕಿಂತ ಹೆಚ್ಚಿದ್ದರೆ ಟ್ರೇಲರು ಹಿಂದಿನಿಂದ ನೂಕಿ ಅಡ್ಡ ತಿರುಗಿಸುವ ಅಪಾಯವೂ ಕಡಿಮೆ. ಆದರೆ ಕೆಲವು ಸಿವಿಟಿಗಳಲ್ಲಿ ಆಕ್ಸಿಲರೇಟರ್ ಬಿಟ್ಟೊಡನೆ ಬೆಲ್ಟು ಸಡಿಲಾಗಿ ಬಂಡಿ ನ್ಯೂಟ್ರಲ್‌ನಲ್ಲಿದ್ದಂತೆ ಉರುಳುತ್ತದೆ. ಅಂಥ ಬಂಡಿಯಲ್ಲಿ 850 ಸಿಸಿ ಇದ್ದರೂ ಇಳಿಜಾರಿನಲ್ಲಿ ಬ್ರೇಕೇ ಗತಿ. "ಎಂಜಿನ್ ಬ್ರೇಕಿಂಗ್ ಇದೆಯೆ?" ಎಂದು ಬಾಯಿಬಿಟ್ಟು ಕೇಳಿ.

ಹಾಗಾದರೆ ಕೊನೆಗೆ ಯಾರಿಗೆ ಎಷ್ಟು? ಸಮತಟ್ಟು ಜಾಗದಲ್ಲಿ ಒಬ್ಬರೇ ಸುತ್ತಿ ಬರುವುದಕ್ಕೆ, ಬೇಲಿ ನೋಡುವುದಕ್ಕೆ 200–250 ಸಿಸಿ ಧಾರಾಳ. ಗುಡ್ಡದ ತೋಟದಲ್ಲಿ ಮೂಟೆ, ಟ್ರೇಲರು ಇದ್ದರೆ 400ರಿಂದ 570ರವರೆಗಿನದು, ಫೋರ್‌ವೀಲ್ ಡ್ರೈವ್ ಮತ್ತು ಲೋ ಗೇರ್ ಜೊತೆಗೆ. ಕೆಲಸದವರು ಬದಲಾಗುತ್ತ ದಿನವಿಡೀ ಓಡಿಸುವ ಎಸ್ಟೇಟಿಗೆ ಈ ಸಾಲಿನ ಮೇಲಿನ ತುದಿ ವಾಸಿ. 850, 1,000 ಸಿಸಿಯ 80–90 ಎಚ್‌ಪಿ ಮರುಭೂಮಿ, ಹಿಮ, ವಿಶಾಲ ಬಯಲಿಗೆ ಸರಿ. ತೋಟದಲ್ಲಿ ಅದು ಪೆಟ್ರೋಲು ಕುಡಿಯುತ್ತದೆ, ಹೂತರೆ ನಾಲ್ವರು ಸೇರಿದರೂ ಎತ್ತಲಾಗದು. ಅಗಲವನ್ನೂ ಅಳೆದು ನೋಡಿ: 570 ಸಿಸಿಯ ಪೋಲಾರಿಸ್ ಸ್ಪೋರ್ಟ್ಸ್‌ಮನ್ ಸುಮಾರು ನಾಲ್ಕಡಿ ಅಗಲ. 9 ಅಡಿ ಅಂತರದ ಅಡಿಕೆ ಸಾಲಿನಲ್ಲಿ ಬಸಿಗಾಲುವೆ ಇಲ್ಲದಿದ್ದರೆ ಸಾಗೀತು. 6 ಅಡಿ ಅಂತರದ ಅರೇಬಿಕಾ ಗಿಡಗಳ ನಡುವೆ ರೆಂಬೆ ಮುರಿಯದೆ ಹೋಗಲಾರದು, ಎಸ್ಟೇಟ್ ರಸ್ತೆಯೇ ಅದರ ದಾರಿ.

ಬೋರ್ಡೋ ಸಿಂಪಡಿಸಲು ಹಿಂದಿನ ರ‍್ಯಾಕಿಗೆ 100 ಲೀಟರಿನ ಟ್ಯಾಂಕ್ ಕಟ್ಟುವ ಆಸೆ ಹಲವರಿಗೆ. ಅದೇ ಸ್ಪೋರ್ಟ್ಸ್‌ಮನ್‌ನ ಹಿಂದಿನ ರ‍್ಯಾಕಿನ ಮಿತಿ 81 ಕೆ.ಜಿ., ಮುಂದಿನದು 40. ನೀರೇ 100 ಕೆ.ಜಿ., ಮೇಲೆ ಟ್ಯಾಂಕು, ಪಂಪು. ಏರಿನಲ್ಲಿ ಮುಂದಿನ ಚಕ್ರ ನೆಲ ಬಿಡುತ್ತದೆ. ಅರ್ಧ ಖಾಲಿಯಾದ ಟ್ಯಾಂಕ್ ಇನ್ನೂ ಕೆಟ್ಟದ್ದು, ಅಡ್ಡ ಇಳಿಜಾರಿನಲ್ಲಿ ನೀರು ಒಂದೇ ಬದಿಗೆ ಸರಿದು ಬಂಡಿ ಮಗುಚುತ್ತದೆ. ರ‍್ಯಾಕಿನ ಮೇಲೆ 60 ಲೀಟರ್ ಸಾಕು, ಉಳಿದದ್ದು ಟ್ರೇಲರಿಗೆ.

ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲಿರುವ ಚಿಕ್ಕಮಗಳೂರು, ಮಡಿಕೇರಿ ಕಡೆ ಗಾಳಿ ತೆಳುವಾಗಿ ಎಂಜಿನ್ನಿನ ಶಕ್ತಿ ಹತ್ತರಲ್ಲೊಂದು ಪಾಲು ಇಳಿಯುತ್ತದೆ. ಲೇಹ್‌ನ 3,500 ಮೀಟರಿನಲ್ಲಿ ಮೂರರಲ್ಲೊಂದು ಪಾಲಿಗೆ ಹತ್ತಿರ. ನಮ್ಮ ಮಲೆನಾಡಿಗೆ ಇದು ದೊಡ್ಡ ತಲೆನೋವಲ್ಲ. ಆದರೂ ಕಾರ್ಬುರೇಟರಿಗಿಂತ ಫ್ಯುಯೆಲ್ ಇಂಜೆಕ್ಷನ್ ಮೇಲು, ಎತ್ತರಕ್ಕೆ ತಕ್ಕಂತೆ ಅದು ಪೆಟ್ರೋಲನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ.

ಮಕ್ಕಳಿಗೆಂದು ಕೊಳ್ಳುವವರು ಅಮೆರಿಕದ ಅನುಭವ ನೋಡಬೇಕು. 1988ರಲ್ಲಿ ಅಲ್ಲಿ ಮೂರು ಚಕ್ರದ ಎಟಿವಿಗಳ ಮಾರಾಟ ನಿಂತಿತು. ಆಗಿನ ನಿಯಮ ವಯಸ್ಸನ್ನು ಸಿಸಿಗೆ ಕಟ್ಟಿತ್ತು: 16 ತುಂಬದವರು 90 ಸಿಸಿ ದಾಟುವಂತಿರಲಿಲ್ಲ. ಮುಂದೆ ಆ ಅಳತೆಯನ್ನೇ ಬಿಟ್ಟು ವೇಗಕ್ಕೆ ಬಂದರು. ಆರು ವರ್ಷ ಮೇಲ್ಪಟ್ಟ ಮಕ್ಕಳ ಬಂಡಿ ಯಾವ ಸ್ಥಿತಿಯಲ್ಲೂ ಗಂಟೆಗೆ 24 ಕಿ.ಮೀ. ಮೀರಬಾರದು, ದೊಡ್ಡವರ ಬಂಡಿ 16ಕ್ಕೆ ಮೊದಲು ಕೂಡದು. ಮಗುವನ್ನು 250ರ ಹ್ಯಾಂಡಲ್ ಹಿಡಿಸಿ "ನಿಧಾನ ಹೋಗು" ಎನ್ನುವುದು ಸುರಕ್ಷತೆಯಲ್ಲ. 200 ಕೆ.ಜಿ.ಯ ಬಂಡಿ ಮೈಮೇಲೆ ಮಗುಚಿದರೆ ವೇಗದ ಮಾತು ಬರುವುದೇ ಇಲ್ಲ.

ನೋಂದಣಿಯಾಗದ ಎಟಿವಿಯನ್ನು ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ತೋಟದ ಎರಡು ತುಂಡುಗಳ ನಡುವೆ ಊರ ರಸ್ತೆ ಹಾದುಹೋಗಿದ್ದರೆ ಟ್ರ್ಯಾಕ್ಟರ್ ವರ್ಗದಲ್ಲಿ ನೋಂದಣಿಯಾಗುವ ಮಾದರಿ ಸಿಗುತ್ತದೆಯೇ ಎಂದು ಮುಂಗಡ ಕೊಡುವ ಮೊದಲೇ ವಿಚಾರಿಸಿ, ಆರ್‌ಟಿಒ ಕಚೇರಿಯಲ್ಲೂ ಕೇಳಿಕೊಳ್ಳಿ.

ಷೋರೂಮಿನ ಅಂಗಳದಲ್ಲಿ ಒಂದು ಸುತ್ತು ಹೊಡೆದು ಏನೂ ತಿಳಿಯದು. ಸಾಧ್ಯವಾದರೆ ನಿಮ್ಮ ತೋಟದ ಅತಿ ಕಡಿದಾದ ದಾರಿಗೇ ತರಿಸಿ, ಇಲ್ಲವೇ ಅಂಥದೇ ಏರು ಹುಡುಕಿ. ರ‍್ಯಾಕಿಗೆ ಒಂದು ಮೂಟೆ ಕಟ್ಟಿ. ಲೋ ಗೇರಿನಲ್ಲಿ, ಫೋರ್‌ವೀಲ್ ಹಾಕಿ, ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿ. ಎಂಜಿನ್ ಕಿರುಚದೆ ಹೊರಟರೆ ಸಿಸಿ ಸಾಕು. ಆಮೇಲೆ ಅದೇ ದಾರಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಬ್ರೇಕಿನ ಮೇಲೆ ಬೆರಳು ಸಿದ್ಧವಿಟ್ಟು ಇಳಿಯಿರಿ. ಬಂಡಿ ತನ್ನಷ್ಟಕ್ಕೆ ನಡಿಗೆಯ ವೇಗದಲ್ಲಿ ಇಳಿಯಬೇಕು. ಕೆಳಗೆ ನಿಲ್ಲಿಸಿದೊಡನೆ ಬೆಲ್ಟಿನ ಡಬ್ಬಿಯ ಹತ್ತಿರ ಮೂಗು ಹಿಡಿದು ನೋಡಿ. ಸೆಕೆಂಡ್ ಹ್ಯಾಂಡ್ ಬಂಡಿಯಾದರೆ ಡಬ್ಬಿ ಬಿಚ್ಚಿಸಿ ಬೆಲ್ಟಿನ ಪಕ್ಕಗಳನ್ನೂ ನೋಡಿ: ಗಾಜಿನಂತೆ ಹೊಳೆಯುತ್ತಿದ್ದರೆ ಅದು ಕಾದು ಜಾರಿದ ಗುರುತು, ಹೊಸ ಬೆಲ್ಟಿನ ಬೆಲೆಯನ್ನು ವ್ಯಾಪಾರದಲ್ಲೇ ಕಳೆಯಬೇಕು.