ಅವ್ವ ಒಬ್ಬಳೇ ಇರ್ತಾಳೆ, ಬಿದ್ದರೆ ಫೋನ್ ಮಾಡುವ ವಾಚ್ ಕೊಡಿಸಿದರೆ ಸಾಕಾ?

ಪ್ರಶ್ನೆ: ನಮ್ಮವ್ವನಿಗೆ 74 ವರ್ಷ. ಬಾಗಲಕೋಟೆಯ ನವನಗರದಲ್ಲಿ ಒಬ್ಬಳೇ ಇರುತ್ತಾಳೆ. ನಾನು ಪುಣೆಯಲ್ಲಿದ್ದೇನೆ. ಇಲ್ಲಿಗೆ ಬಾ ಅಂದರೆ ಬರೋದಿಲ್ಲ. ಬಿದ್ದರೆ ತಾನಾಗಿ ಫೋನ್ ಮಾಡುವ ವಾಚ್ ಬಂದಿದೆಯಂತೆ. ಅದನ್ನು ಕೊಡಿಸಿದರೆ ನಿಶ್ಚಿಂತೆಯಾಗಿ ಇರಬಹುದಾ?

ಕೊಡಿಸಿ, ತಪ್ಪೇನಿಲ್ಲ. ಆದರೆ ದುಡ್ಡು ಕೊಡುವ ಮೊದಲು ಒಂದು ಯೋಚನೆ ಮಾಡಿ. ರಾತ್ರಿ 2 ಗಂಟೆಗೆ ಆ ವಾಚ್ ನಿಮಗೆ ಫೋನ್ ಮಾಡಿತು ಅಂತಿಟ್ಟುಕೊಳ್ಳಿ. ನೀವು ಪುಣೆಯಲ್ಲಿ ದಡಬಡಿಸಿ ಎದ್ದು ಕೂತಿರಿ. ಬಾಗಲಕೋಟೆಯಲ್ಲಿ ನಿಮ್ಮ ತಾಯಿ ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಿದವರು. ಬಾಗಿಲು ತೆಗೆಯೋರು ಯಾರು?

ಇದು ಕೊಂಕು ಪ್ರಶ್ನೆ ಅಲ್ಲ. ವಯಸ್ಸಾದವರಿಗೆ ಎಷ್ಟೋ ಸಲ ಬೀಳುವುದಕ್ಕಿಂತ ಬಿದ್ದಲ್ಲೇ ಉಳಿಯುವುದು ಜಾಸ್ತಿ ಅಪಾಯ. ಮೂಳೆ ಮುರಿಯದಿದ್ದರೂ ಗಟ್ಟಿ ನೆಲದ ಮೇಲೆ ತಾಸುಗಟ್ಟಲೆ ಒಂದೇ ಮಗ್ಗುಲಲ್ಲಿ ಇದ್ದರೆ, ಅದುಮಿಕೊಂಡ ಸ್ನಾಯು ಹಾಳಾಗಿ ಅದರ ನಂಜು ರಕ್ತಕ್ಕೆ ಇಳಿಯುತ್ತದೆ. ಅದು ಕಿಡ್ನಿಯನ್ನೇ ಕೆಡಿಸಬಹುದು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 90 ದಾಟಿದ 110 ಜನರನ್ನು ಸಂಶೋಧಕರು ಒಂದು ವರ್ಷ ಗಮನಿಸಿದ್ದರು. ಆ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ವರ್ಷದೊಳಗೆ 66 ಜನ ಬಿದ್ದರು. ಅವರಲ್ಲಿ 53 ಜನರಿಗೆ ಒಂದು ಸಲವಾದರೂ ತಾವಾಗಿ ಏಳಲು ಆಗಲಿಲ್ಲ. 20 ಜನ ಒಂದು ತಾಸು ಅಥವಾ ಅದಕ್ಕೂ ಜಾಸ್ತಿ ನೆಲದ ಮೇಲೇ ಇದ್ದರು. ಇವರಲ್ಲಿ ಎಷ್ಟೋ ಜನರ ಹತ್ತಿರ ಸಹಾಯಕ್ಕೆ ಕರೆಯುವ ಗುಂಡಿ ಇತ್ತು ಅನ್ನೋದೇ ನನ್ನನ್ನು ಯೋಚನೆಗೆ ಹಚ್ಚಿದ್ದು. ಇದ್ದರೂ ಬಹಳಷ್ಟು ಸಲ ಅದನ್ನು ಒತ್ತಿರಲಿಲ್ಲ. ಕೆಲವರು ಹಾಕಿಕೊಂಡೇ ಇರಲಿಲ್ಲ. ಕೆಲವರಿಗೆ ಯಾರನ್ನೂ ಕರೆಯದೆ ತಾವೇ ಏಳಬೇಕೆಂಬ ಹಟ. ನಮ್ಮ ಕಡೆಯ ಹಿರಿಯರೂ ಹಿಂಗೇ, ಅಲ್ವಾ?

ಒತ್ತದವರಿಗಾಗಿ ತಾನೇ ತಿಳಿದುಕೊಳ್ಳುವ ಯಂತ್ರ ಬಂತು. ಆಪಲ್ ಕಂಪನಿಯ ವಾಚಿಗೆ ಈ ಸೌಲಭ್ಯ ಸೇರಿದ್ದು 2018ರಲ್ಲಿ. ಇದರೊಳಗಿನ ಗುಟ್ಟು ದೊಡ್ಡದೇನಲ್ಲ. ಮೊಬೈಲನ್ನು ಅಡ್ಡ ಹಿಡಿದರೆ ಪರದೆ ತಾನಾಗಿ ತಿರುಗುತ್ತದಲ್ಲ, ಅದನ್ನು ಮಾಡಿಸುವ ಅಕ್ಸೆಲೆರೋಮೀಟರ್ ಎಂಬ ಚೂರು ಚಿಪ್ಪೇ ಇಲ್ಲೂ ಇರೋದು. ಮನುಷ್ಯ ಕೆಳಗೆ ಬೀಳುವ ಆ ಅರೆಕ್ಷಣ ಅದಕ್ಕೆ ತೂಕವೇ ಇಲ್ಲದಂತೆ ಕಾಣುತ್ತದೆ. ನೆಲಕ್ಕೆ ಬಡಿದಾಗ ಲೆಕ್ಕ ಒಮ್ಮೆಲೇ ಮೇಲೆ ಜಿಗಿಯುತ್ತದೆ. ಆಮೇಲೆ ಅಲುಗಾಟವಿಲ್ಲ. ಇವು ಒಂದರ ಹಿಂದೆ ಒಂದು ಬಂದರೆ ‘ಬಿದ್ದಿದ್ದಾರೆ’ ಅಂತ ವಾಚ್ ತಿಳಿಯುತ್ತದೆ. ಮೊದಲು ಮಣಿಕಟ್ಟಿನಲ್ಲಿ ಗುರ್ ಅಂದು ಕೇಳುತ್ತದೆ. ಸುಮಾರು ಒಂದು ನಿಮಿಷ ಮೈ ಅಲುಗದಿದ್ದರೆ ಕರೆ ಹೋಗುತ್ತದೆ.

ಕಾಗದದ ಮೇಲೆ ಚಂದ ಇದೆ. ತೊಂದರೆ ಎಲ್ಲಿ ಅಂದರೆ, ಇಂಥ ಲೆಕ್ಕಾಚಾರಗಳನ್ನು ಬಹಳ ಕಾಲ ಪರೀಕ್ಷಿಸಿದ್ದು ಪ್ರಯೋಗಾಲಯದಲ್ಲಿ. ಆರೋಗ್ಯವಾಗಿರುವ ಹುಡುಗರು ಗಾದಿಯ ಮೇಲೆ ಬೇಕಂತಲೇ ಬೀಳೋದು, ಅದನ್ನು ಅಳೆಯೋದು. 2012ರಲ್ಲಿ ಯುರೋಪಿನ ಸಂಶೋಧಕರು ಇಂಥ 13 ವಿಧಾನಗಳನ್ನು ನಿಜವಾಗಿ ಬಿದ್ದವರ 29 ಬೀಳುಗಳ ಮೇಲೆ ಹಚ್ಚಿ ನೋಡಿದರು. ಸರಾಸರಿ ನೂರರಲ್ಲಿ 57ನ್ನು ಮಾತ್ರ ಹಿಡಿದವು. ಆಮೇಲೆ ತಂತ್ರಜ್ಞಾನ ಸುಧಾರಿಸಿದೆ, ಒಪ್ಪುತ್ತೇನೆ. ಆದರೆ ಮುದುಕರು ಬೀಳುವ ರೀತಿಯೇ ಬೇರೆ. ಮಂಚದ ಅಂಚಿನಿಂದ ಮೆಲ್ಲಗೆ ಜಾರುತ್ತಾರೆ, ಗೋಡೆ ಹಿಡಿದುಕೊಂಡೇ ಕುಸಿಯುತ್ತಾರೆ. ದಪ್ ಅಂತ ಬಡಿತವಿಲ್ಲದಿದ್ದರೆ ವಾಚಿಗೆ ಸುದ್ದಿಯೇ ಇಲ್ಲ.

ಇನ್ನು ಇದರ ಉಲ್ಟಾ ಕಥೆ. ಗುಳೇದಗುಡ್ಡದ ನಮ್ಮ ದೊಡ್ಡವ್ವನಿಗೆ ನಾನೂ ಒಂದು ವಾಚ್ ಕಟ್ಟಿದ್ದೆ. ಯಾವ ಕಂಪನಿ ಅಂತ ಬೇಡ. ನಾಲ್ಕನೇ ದಿನ ಬೆಳಗ್ಗೆ ಅದು ನನಗೆ ಕರೆ ಮಾಡಿತು. ನನ್ನ ಎದೆ ಧಸಕ್ಕಂತು. ಅತ್ತ ಕಡೆಯಿಂದ ದೊಡ್ಡವ್ವ, “ತಮ್ಮಾ, ಇದು ಕೈಯಾಗ ಗುರ್ ಗುರ್ ಅನ್ನಾಕತ್ತೈತಿ. ನಾ ರೊಟ್ಟಿ ಬಡಿಯಾಕತ್ತೀನಿ, ಸುಮ್ನಿರು ಅಂತ ಹೇಳು ಅದಕ್ಕ” ಅಂದಳು. ಜೋಳದ ರೊಟ್ಟಿ ಬಡಿಯುವ ಕೈ, ನೋಡಿ. ಅಂಗೈ ಪಟಪಟ ಹಿಟ್ಟಿನ ಮೇಲೆ ಬೀಳುತ್ತದೆ, ನಡುನಡುವೆ ರೊಟ್ಟಿ ತಿರುಗಿಸಲು ನಿಲ್ಲುತ್ತದೆ. ಗಾದಿಯ ಮೇಲೆ ಬಿದ್ದ ಹುಡುಗರಿಂದ ಪಾಠ ಕಲಿತ ಯಂತ್ರಕ್ಕೆ ಇದೆಲ್ಲ ಎಲ್ಲಿ ಗೊತ್ತಿರಬೇಕು! ಮೂರು ಸಲ ಹಿಂಗಾದ ಮೇಲೆ ದೊಡ್ಡವ್ವ ಅಡುಗೆ ಮನೆಗೆ ಹೋಗುವಾಗ ಅದನ್ನು ಬಿಚ್ಚಿಡತೊಡಗಿದಳು. ಬಚ್ಚಲಕ್ಕೆ ಹೋಗುವಾಗ ಮೊದಲೇ ಬಿಚ್ಚುತ್ತಿದ್ದಳು. ರಾತ್ರಿ ಚಾರ್ಜಿಗೆ. ಉಳಿದದ್ದು ಯಾವ ಹೊತ್ತು? ಕಟ್ಟೆಯ ಮೇಲೆ ಓಣಿಯವರ ಜೊತೆ ಕೂತಿರುವ ಹೊತ್ತು. ಅಲ್ಲಿ ಬಿದ್ದರೆ ಎತ್ತೋಕೆ ಹತ್ತು ಜನ ಇರ್ತಾರೆ.

ಹಾಗಾಗಿ ಕೊಡಿಸುವುದಾದರೆ ಚಾರ್ಜ್ ಮಾಡುವ ಹೊತ್ತನ್ನು ಬದಲಿಸಿ. ಸಂಜೆ ಧಾರಾವಾಹಿ ನೋಡುವಾಗ ಚಾರ್ಜಿಗಿಟ್ಟು, ರಾತ್ರಿ ಕೈಯಲ್ಲೇ ಇರಲಿ. ನಡುರಾತ್ರಿ ನಿದ್ದೆಗಣ್ಣಿನಲ್ಲಿ ಎದ್ದು ಹೋಗುವಾಗಲೇ ಅದು ಬೇಕಾಗೋದು. ನೀರು ತಡೆಯುವ ವಾಚ್ ಆದರೆ ಬಚ್ಚಲದಲ್ಲೂ ಇರಲಿ. ಅದಕ್ಕೆ ಸ್ವಂತ ಸಿಮ್ ಇದೆಯೋ ಇಲ್ಲವೋ ಅಂಗಡಿಯಲ್ಲೇ ಕೇಳಿ. ಇಲ್ಲದಿದ್ದರೆ ಅದು ಪಕ್ಕದಲ್ಲಿರುವ ಮೊಬೈಲನ್ನೇ ನಂಬಿಕೊಂಡಿರುತ್ತದೆ. ಮೊಬೈಲ್ ಪಡಸಾಲೆಯಲ್ಲಿ, ತಾಯಿ ಹಿತ್ತಲಲ್ಲಿ ಅಂದರೆ ಕರೆಯೇ ಹೋಗದಿರಬಹುದು.

ಮೈಮೇಲೆ ಏನೂ ಕಟ್ಟದ ದಾರಿಗಳನ್ನೂ ಸಂಶೋಧಕರು ಹುಡುಕುತ್ತಿದ್ದಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ದೀನಾ ಕತಾಬಿ ಅವರ ತಂಡ, ರೇಡಿಯೋ ಅಲೆ ಮೈಗೆ ತಾಗಿ ವಾಪಸ್ ಬರುವುದನ್ನು ಓದಿ ಮನುಷ್ಯ ನಿಂತಿದ್ದಾನೋ ಬಿದ್ದಿದ್ದಾನೋ ಹೇಳುವ ಪೆಟ್ಟಿಗೆ ಮಾಡಿತು. ಕ್ಯಾಮೆರಾ ಇಲ್ಲ, ಮರ್ಯಾದೆಯ ಪ್ರಶ್ನೆ ಇಲ್ಲ. ಕರೆಂಟ್ ಹೋದರೆ ಮಾತ್ರ ಕತೆ ಮುಗೀತು. ನನಗೆ ಜಾಸ್ತಿ ಹಿಡಿಸಿದ್ದು ಜಪಾನಿನ ಉಪಾಯ. ಅಲ್ಲಿನ ಜೊಜಿರುಶಿ ಕಂಪನಿ 2001ರಲ್ಲಿ ಒಂದು ಬಿಸಿನೀರಿನ ಕೆಟಲ್ ತಂತು. ಅಜ್ಜಿ ಚಹಾಕ್ಕೆ ನೀರು ಬಗ್ಗಿಸಿಕೊಂಡರೆ ದೂರದ ಊರಿನ ಮಗನಿಗೆ ಸುದ್ದಿ ಹೋಗುತ್ತದೆ. ಸುದ್ದಿ ಬರಲಿಲ್ಲ ಅಂದರೆ ಅವನು ಫೋನ್ ಮಾಡಿ ವಿಚಾರಿಸುತ್ತಾನೆ. ಅವಳು ಹೊಸದಾಗಿ ಕಲಿಯಬೇಕಾದ್ದು ಏನೂ ಇಲ್ಲ, ಚಹಾ ಕುಡಿದರೆ ಸಾಕು.

ಇದನ್ನು ಓದಿದಾಗ ಹಳೇ ಬಾಗಲಕೋಟೆ ನೆನಪಾಯಿತು. ಗೋಡೆಗೆ ಗೋಡೆ ಅಂಟಿದ ಮನೆಗಳು. ಮುಂಜಾನೆ ಅಂಗಳಕ್ಕೆ ನೀರು ಬೀಳದಿದ್ದರೆ “ಯಾಕಬೇ, ಮೈಯಾಗ ಆರಾಮಿಲ್ಲೇನು” ಅಂತ ಪಕ್ಕದ ಮನೆಯವರು ಒಳಗೇ ಬರುತ್ತಿದ್ದರು. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆಯಾಗಿ ನವನಗರದ ಸೆಕ್ಟರುಗಳಿಗೆ ಬಂದ ಮೇಲೆ ಕಾಂಪೌಂಡು ಬಂತು, ಗೇಟು ಬಂತು. ಒಂದೇ ಓಣಿಯವರು ಬೇರೆ ಬೇರೆ ಸೆಕ್ಟರಿಗೆ ಚದುರಿದರು. ನೀವು ಕೇಳುತ್ತಿರುವ ವಾಚ್, ಒಂದು ಲೆಕ್ಕದಲ್ಲಿ, ಆ ಪಕ್ಕದ ಮನೆಯವರ ಜಾಗಕ್ಕೆ ಬಂದದ್ದು.

ಈಗಲೂ ಪಕ್ಕದ ಮನೆ ಇದ್ದೇ ಇರುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಎರಡು ದಿನ ಜಾಸ್ತಿ ಇರಿ. ಮುಂಬಾಗಿಲಿಗೆ ಹೊರಗಿನಿಂದಲೂ ಕೀಲಿ ಹಾಕಿ ತೆಗೆಯಲು ಬರುವಂಥ ಲಾಕ್ ಕೂಡಿಸಿ. ರಾತ್ರಿ ಮೇಲಿನ ಚಿಲಕ ಹಾಕಬೇಡ ಅಂತ ತಾಯಿಯನ್ನು ಒಪ್ಪಿಸಿ. ಇದು ಲಾಕ್ ಕೂಡಿಸುವುದಕ್ಕಿಂತ ಕಷ್ಟದ ಕೆಲಸ, ಅವರಿಗೆ ಕಳ್ಳರ ಭಯ. ಒಂದು ಕೀಲಿ ಎದುರು ಮನೆಯವರಿಗೆ ಕೊಡಿ. ವಾಚಿನಲ್ಲಿ ಮೊದಲ ನಂಬರ್ ಅವರದ್ದು, ಎರಡನೆಯದು ನಿಮ್ಮದು. ಆಂಬ್ಯುಲೆನ್ಸಿಗೆ 108 ಅಥವಾ 112. ಹಿರಿಯರ ಸಹಾಯವಾಣಿ 14567 ಪಿಂಚಣಿ, ಕಾನೂನು, ಮನಸ್ಸಿನ ಬೇಸರ ಇಂಥವಕ್ಕೆ ಒಳ್ಳೆಯದು. ಬಿದ್ದಾಗ ಕರೆಯುವ ನಂಬರ್ ಅದಲ್ಲ.

ಎರಡನೇ ದಿನ ಮನೆಯೊಳಗೆ ತಿರುಗಾಡಿ. ವಾಚ್ ಬಿದ್ದ ಮೇಲೆ ಹೇಳುತ್ತದೆ, ಬೀಳದಂತೆ ಮಾಡೋದು ಮನೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆಯ 2023ರ ಪರಾಮರ್ಶೆಯಲ್ಲಿ 22 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದಾರೆ. ಮನೆಯಲ್ಲಿ ಎಡವುವ, ಜಾರುವ ಜಾಗಗಳನ್ನು ಸರಿಪಡಿಸಿದರೆ ಬೀಳುವುದು ಸುಮಾರು 26% ಕಡಿಮೆಯಾಗುತ್ತದೆ. ಮೊದಲೇ ಬಿದ್ದವರಂಥ ಹೆಚ್ಚು ಅಪಾಯದವರಲ್ಲಿ 38%. ಹೊಸ್ತಿಲ ಹತ್ತಿರ ಬೆಳಕು, ಮಡಚಿಕೊಂಡ ಚಾಪೆ, ಸವೆದ ಚಪ್ಪಲಿ. ಕೋಲು, ವಾಕರ್, ಕಿವಿಯ ಯಂತ್ರ ಬೇಕಾಗಿದ್ದು ಆದಾಯ ಕಡಿಮೆ ಇದ್ದರೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಜಿಲ್ಲೆಯ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿ ವಿಚಾರಿಸಿ.

ಬಚ್ಚಲಿಗೆ ಸ್ಟೀಲಿನ ಹಿಡಿಕೆ ಹಾಕಿಸಿ. ಟವೆಲ್ ಹಾಕುವ ರಾಡ್ ಅಲ್ಲ, ಮೈಭಾರ ತಡೆಯುವಂಥದ್ದು, ಗೋಡೆಗೆ ಡ್ರಿಲ್ ಹೊಡೆದು ಕೂಡಿಸುವಂಥದ್ದು. ಎಲ್ಲಿ ಹಾಕಬೇಕು ಅಂತ ಮಿಸ್ತ್ರಿಯನ್ನು ಕೇಳಬೇಡಿ. ತಾಯಿಯನ್ನೇ ಒಳಗೆ ಕರೆದು, ಕೂತು ಏಳುವಾಗ ಕೈ ಎಲ್ಲಿಗೆ ಚಾಚುತ್ತಾರೆ ನೋಡಿ. ನಮ್ಮ ದೊಡ್ಡವ್ವನ ಬಚ್ಚಲದಲ್ಲಿ ಹುಡುಕುವ ಕೆಲಸವೇ ಇರಲಿಲ್ಲ. ಬಾಗಿಲ ಬಲಕ್ಕೆ, ಸೊಂಟದ ಎತ್ತರದಲ್ಲಿ, ಗೋಡೆಯ ಸುಣ್ಣ ಒಂದು ಅಂಗೈಯಗಲ ಕಪ್ಪಾಗಿತ್ತು.